ಮೆಟ್ಟಿಲ ಮೇಲಿನ ಹದಿನಾಲ್ಕು ಜೊತೆ

ನಮ್ಮ ನೆಂಟರಿಷ್ಟರಲ್ಲೆಲ್ಲ ನನ್ನ ಅಕ್ಕನ ಗಂಡನಿಗೆ ಇರುವ ಹೆಸರು ಚೀಟಿ ಭಾವ. ಅವರು ರೈಲು ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೋಣೆಯ ಗುಮಾಸ್ತರು, ಅದೂ ಇಪ್ಪತ್ತೆರಡು ವರ್ಷದಿಂದ. ಜನ ರೈಲಿನಲ್ಲಿ ಮರೆತು ಇಳಿದ ಕೊಡೆ, ಕನ್ನಡಕ, ಊಟದ ಡಬ್ಬಿ, ಒಮ್ಮೆ ಕಟ್ಟಿಸಿದ ಹಲ್ಲಿನ ಸೆಟ್ಟು, ಎಲ್ಲವೂ ಕೊನೆಗೆ ಅವರ ಮೇಜಿಗೇ ಬರುತ್ತವೆ. ಬಂದದ್ದಕ್ಕೆಲ್ಲ ಅವರು ಒಂದು ಹಳದಿ ಚೀಟಿ ಬರೆದು ದಾರದಿಂದ ಕಟ್ಟುತ್ತಾರೆ. ವಸ್ತು ಇಂಥದ್ದು, ಬಣ್ಣ ಇಂಥದ್ದು, ಸಿಕ್ಕಿದ ಜಾಗ ಇಂಥದ್ದು, ಮಾಲೀಕರು ಗೊತ್ತಿಲ್ಲ.

ಚೀಟಿ ಕಚೇರಿಯಲ್ಲೇ ಉಳಿದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಮನೆಯಲ್ಲೂ ಅದೇ ಚಾಳಿ. ಐದು ನಿಮಿಷ ಕೆಳಗಿಟ್ಟ ಬಾಚಣಿಗೆಗೆ ಚೀಟಿ, ಕಿಟಕಿಯ ಮೇಲೆ ಮರೆತ ಬೀಗದ ಕೈಗೆ ಚೀಟಿ. ಒಮ್ಮೆ ನಾನು ಅವರ ಮನೆಯ ಜಗಲಿಯಲ್ಲಿ ಮಧ್ಯಾಹ್ನ ನಿದ್ದೆ ತೆಗೆದು ಎದ್ದರೆ ಕಾಲಿನ ಹೆಬ್ಬೆರಳಿಗೆ ದಾರ ಕಟ್ಟಿತ್ತು. ತಮಾಷೆಗೆ ಕಟ್ಟಿದೆ ಅಂದರು. ನನಗೆ ಇವತ್ತಿಗೂ ಅನುಮಾನವಿದೆ.

ಮದುವೆಯಾದ ಹೊಸತರಲ್ಲಿ ಅವರಿಬ್ಬರೂ ಒಂದು ಸಲ ಪ್ರವಾಸ ಹೊರಟಿದ್ದರಂತೆ. ರೈಲು ಹತ್ತುವ ಹೊತ್ತಿಗೆ ಭಾವನ ಕಣ್ಣಿಗೆ ಯಾರೋ ಬಿಟ್ಟುಹೋದ ಗಂಟು ಬಿತ್ತು. 'ಒಂದೇ ನಿಮಿಷ, ಒಪ್ಪಿಸಿ ಬಂದೆ' ಎಂದು ಹೋದರು. ರೈಲು ಹೊರಟಿತು. ಹತ್ತಬೇಕೋ ಇಳಿಯಬೇಕೋ ತಿಳಿಯದೆ ಅಕ್ಕ ಓಡಿ ಪ್ಲಾಟ್‌ಫಾರಂ ಮೇಲೆ ಬಿದ್ದಳು. ಪ್ರವಾಸ ಅಲ್ಲಿಗೇ ಮುಗಿಯಿತು. ಆಮೇಲೆ ಹತ್ತೊಂಬತ್ತು ವರ್ಷ ಅವರು ಎಲ್ಲಿಗೂ ಹೋಗಲಿಲ್ಲ.

ಈ ವರ್ಷ ಅಕ್ಕ ತಾನೇ ಜಾಗ ಹುಡುಕಿದಳು. ಬಸ್ಸು ದಿನಕ್ಕೆ ಎರಡೇ ಸಲ ಹೋಗುವ, ದೊಡ್ಡ ಕೆರೆಯ ಪಕ್ಕದ ಒಂದು ಸಣ್ಣ ಊರು. ಹೊರಡುವ ಮೊದಲು ಭಾವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು:

"ನೋಡ್ರೀ, ಮೂರೇ ದಿನ. ಮೂರು ದಿನ ನೀವು ನನ್ನ ಗಂಡ, ಗುಮಾಸ್ತ ಅಲ್ಲ. ಅಲ್ಲಿ ಒಂದೇ ಒಂದು ಚೀಟಿ ನನ್ನ ಕಣ್ಣಿಗೆ ಬಿದ್ರೂ ಸರಿ, ಇನ್ನು ಈ ಜನ್ಮದಲ್ಲಿ ನಿಮ್ಮ ಜೊತೆ ಹೊಸಿಲು ದಾಟಲ್ಲ."

"ಛೆ ಛೆ, ಚೀಟಿ ಯಾಕೆ ತರ್ಲಿ? ನಾನೇನು ಹುಚ್ಚನಾ?" ಅಂದರು ಭಾವ. ಕ್ಷೌರದ ಡಬ್ಬಿಯಲ್ಲಿ, ಸೋಪಿನ ಕೆಳಗೆ, ನಲವತ್ತು ಚೀಟಿ ಮತ್ತು ಒಂದು ದಾರದ ಉಂಡೆ ಆಗಲೇ ಸೇರಿತ್ತು. ಇದು ನನಗೆ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನನ್ನನ್ನು ಕರೆದುಕೊಂಡು ಹೋಗುತ್ತಿದ್ದದ್ದು ಪೆಟ್ಟಿಗೆ ಹೊರುವುದಕ್ಕೆ, ಸಾಕ್ಷಿ ಹೇಳುವುದಕ್ಕಲ್ಲ.

ಊರಿಗೆ ಇದ್ದದ್ದು ಒಂದೇ ಬೀದಿ. ಅದು ಬಸ್ಸು ನಿಲ್ಲುವ ಮರದಿಂದ ಶುರುವಾಗಿ, ದರ್ಜಿಯ ಅಂಗಡಿ, ಒಂದೇ ಕುರ್ಚಿಯ ಕ್ಷೌರದಂಗಡಿ, ಅಂಚೆ ಕಚೇರಿ, ಪೊಲೀಸ್ ಚೌಕಿ, ನಾವು ಇಳಿದುಕೊಂಡ ಲಾಡ್ಜು ಇವನ್ನೆಲ್ಲ ದಾಟಿ ನೇರ ಕೆರೆಯ ಮೆಟ್ಟಿಲಿಗೆ ಇಳಿಯುತ್ತಿತ್ತು. ಬಿಸಿಲಿಗೆ ಊರು ಹನ್ನೆರಡಕ್ಕೆ ಮಲಗಿದರೆ ಮತ್ತೆ ಏಳುತ್ತಿದ್ದದ್ದು ಮೂರೂವರೆಗೆ. ಇಂಥ ಊರಿನಲ್ಲಿ ಹುಟ್ಟದೆ ಹೋದೆನಲ್ಲ ಎಂದು ನನಗೆ ನಿಜಕ್ಕೂ ದುಃಖವಾಯಿತು.

ಭಾವನ ದುಃಖವೇ ಬೇರೆ. ಆ ಊರಿನಲ್ಲಿ ಯಾರೂ ಯಾವುದನ್ನೂ ಒಳಗೆ ಎತ್ತಿಡುತ್ತಿರಲಿಲ್ಲ. ಅಂಚೆ ಕಚೇರಿಯ ಕಿಟಕಿಗೆ ಒಂದು ಕೊಡೆ ನೇತಾಡುತ್ತಿತ್ತು. ಮರದ ಕೆಳಗೆ ಸೈಕಲ್ಲು ಬೀಗವಿಲ್ಲದೆ ನಿಂತಿತ್ತು. ಕೆರೆಯ ಮುಂದಿನ ಕಲ್ಲು ಬೆಂಚಿನ ಮೇಲೆ ಒಂದು ಕನ್ನಡಕ.

"ಯಾರದಮ್ಮಾ ಇದು?" ಎಂದು ಭಾವ ಲಾಡ್ಜಿನಮ್ಮನನ್ನು ಕೇಳಿದರು. ಲಾಡ್ಜು ನಡೆಸುತ್ತಿದ್ದ ಆ ದಪ್ಪ ಹೆಂಗಸು ಊರಿಗೆಲ್ಲ ದೊಡ್ಡಮ್ಮ.

"ಮೇಷ್ಟ್ರದ್ದು. ಅವರು ಪೇಪರ್ ಓದೋದು ಅಲ್ಲೇ ಅಲ್ವಾ, ಮನೆಗೆ ಯಾಕೆ ತಗೊಂಡು ಹೋಗ್ಬೇಕು?"

"ಎಷ್ಟು ದಿನದಿಂದ ಇದೆ?"

"ನಾಲ್ಕೈದು ವರ್ಷ ಆಯ್ತೇನೋ."

ಭಾವ ಎದೆ ಹಿಡಿದುಕೊಂಡರು. ಆ ದಿನವೆಲ್ಲ ಅವರ ಬೆರಳು ಗಂಟು ಹಾಕುವ ಹಾಗೆ ತಮ್ಮಷ್ಟಕ್ಕೇ ಆಡುತ್ತಿದ್ದವು. ಅಕ್ಕ ನೋಡುತ್ತಿದ್ದಳು, ಅವರು ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮೊದಲ ದಿನ ಹೀಗೆ ಮರ್ಯಾದೆಯಿಂದ ಕಳೆಯಿತು.

ಎರಡನೆಯ ದಿನ ಬೆಳಗ್ಗೆ ಆಚೆ ದಡಕ್ಕೆ ಹೋಗಿ ಬರೋಣ ಎಂದು ಅಕ್ಕ ಸೀರೆ ಬದಲಾಯಿಸಿ ಹೊರಟು ನಿಂತಳು. ಭಾವ 'ಒಂದೇ ನಿಮಿಷ' ಎಂದು ಬೀದಿಯ ಮೇಲ್ತುದಿಗೆ ಹೋದವರು ಒಂದು ಗಂಟೆಯಾದರೂ ಬರಲಿಲ್ಲ. ಆ ಸೈಕಲ್ಲಿನ ಮಾಲೀಕನನ್ನು ಹುಡುಕುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಅಕ್ಕ ಕಾದಳು. ಕೊನೆಗೆ ಜಗಲಿಯಲ್ಲಿ ಅರೆನಿದ್ದೆಯಲ್ಲಿದ್ದ ನನ್ನನ್ನು ಅಲುಗಿಸಿ, "ಲೋ, ನಾನು ಆಚೆ ದಡಕ್ಕೆ ಹೋಗ್ತಿದ್ದೀನಿ ಕಣೋ. ನಿಮ್ಮ ಭಾವ ಬಂದ್ರೆ ಹೇಳು. ಕೇಳಿಸ್ತೇನೋ?" ಅಂದಳು. ನಾನು 'ಹೂಂ' ಅಂದೆ. ಅಂದೆನಂತೆ.

ಇಲ್ಲಿ ಆ ಊರಿನ ದೋಣಿಯ ವಿಷಯ ಹೇಳಬೇಕು. ಅಲ್ಲಿನ ಹೆಂಗಸರು ಚಾಪೆ ಹೆಣೆಯುವ ಜೊಂಡು ಕೊಯ್ಯುವುದಕ್ಕೆ ದಿನಾ ಆಚೆ ದಡಕ್ಕೆ ಹೋಗುತ್ತಾರೆ. ದೋಣಿಯ ತಳದಲ್ಲಿ ಯಾವಾಗಲೂ ನೀರು, ಆಚೆ ಬರೀ ಮೆತ್ತನೆಯ ಮಣ್ಣು. ಹಾಗಾಗಿ ಚಪ್ಪಲಿಯನ್ನು ಈಚೆಯ ಮೆಟ್ಟಿಲ ಮೇಲೆ ಬಿಟ್ಟು ಬರಿಗಾಲಲ್ಲಿ ಹತ್ತುತ್ತಾರೆ. ದೋಣಿ ನಡೆಸುವವರು ಇಬ್ಬರು, ಅಣ್ಣ ಮತ್ತು ತಮ್ಮ. ಬೆಳಗ್ಗೆ ಅಣ್ಣ ಬಿಟ್ಟು ಬರುತ್ತಾನೆ, ಸಂಜೆ ತಮ್ಮ ಕರೆತರುತ್ತಾನೆ. ಈ ಇಬ್ಬರಿಗೂ ಹನ್ನೊಂದು ವರ್ಷದಿಂದ ಮಾತಿಲ್ಲ. ಜಗಳ ಯಾವುದಕ್ಕೆ ಶುರುವಾಯಿತೆಂದು ಇಬ್ಬರಿಗೂ ಮರೆತಿದೆ, ಮಾತು ಬಿಟ್ಟದ್ದು ಮಾತ್ರ ಚೆನ್ನಾಗಿ ನೆನಪಿದೆ. ಆಚೆ ಎಷ್ಟು ಜನ ಇದ್ದಾರೆಂದು ಅಣ್ಣ ತಮ್ಮನಿಗೆ ಹೇಳುವುದಿಲ್ಲ, ತಮ್ಮ ಕೇಳುವುದಿಲ್ಲ. ಸಂಜೆ ತಮ್ಮ ಬಂದು ಮೆಟ್ಟಿಲ ಮೇಲಿನ ಚಪ್ಪಲಿ ಎಣಿಸುತ್ತಾನೆ. ಎಷ್ಟು ಜೊತೆಯೋ ಅಷ್ಟು ಜನ. ಮೆಟ್ಟಿಲು ಖಾಲಿಯಿದ್ದರೆ ಎಲ್ಲರೂ ಬಂದಾಯಿತು ಎಂದು ಅರ್ಥ. ಈ ಏರ್ಪಾಡು ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ, ಏಕೆಂದರೆ ಹನ್ನೊಂದು ವರ್ಷದಲ್ಲಿ ಆ ಊರಿಗೆ ನನ್ನ ಭಾವ ಬಂದಿರಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ, ಊರು ಗೊರಕೆ ಹೊಡೆಯುತ್ತಿದ್ದಾಗ, ಭಾವ ಹೆಂಡತಿಯನ್ನು ಹುಡುಕುತ್ತ ಕೆರೆಯ ಕಡೆ ಇಳಿದರು. ಹೆಂಡತಿ ಕಾಣಲಿಲ್ಲ. ಕಂಡದ್ದು ಮೆಟ್ಟಿಲ ಮೇಲೆ ಸಾಲಾಗಿ ಹದಿನಾಲ್ಕು ಜೊತೆ ಚಪ್ಪಲಿ. ಸುತ್ತ ಒಂದು ನರಪಿಳ್ಳೆಯಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದೇ ಸಲಕ್ಕೆ ಇಷ್ಟು ಅನಾಥ ಸಾಮಾನು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಮನುಷ್ಯ ಎಷ್ಟು ಹೊತ್ತು ತಡೆದುಕೊಂಡಾನು? ಮೂರು ನಿಮಿಷ ತಡೆದುಕೊಂಡೆ ಎಂದು ಅವರೇ ಆಮೇಲೆ ಹೇಳಿದರು.

ಲಾಡ್ಜಿನಿಂದ ಒಂದು ಹಾಸಿಗೆಯ ಚಾದರ ಬಂತು. ಕ್ಷೌರದ ಡಬ್ಬಿ ಬಂತು. ಮರದ ನೆರಳಲ್ಲಿ ಕುಳಿತು, ಒಂದೊಂದೇ ಜೊತೆಯನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಮುತ್ತಿನಂಥ ಅಕ್ಷರದಲ್ಲಿ ಹದಿನಾಲ್ಕು ಚೀಟಿ ಬರೆದು, ಕಟ್ಟಿ, ಗಂಟು ಹೊತ್ತು ಅವರು ಪೊಲೀಸ್ ಚೌಕಿಗೆ ನಡೆದರು.

ಚೌಕಿಯಲ್ಲಿ ಒಬ್ಬನೇ ಪೇದೆ. ಕಳ್ಳತನವಿಲ್ಲದ ಊರಿನಲ್ಲಿ ಆರು ವರ್ಷ ಕೂತು ಕೂತು ಅವನ ಜೀವ ಬೇಸತ್ತಿತ್ತು. ಸಿಕ್ಕಿದ ಸಾಮಾನುಗಳ ದಪ್ಪ ರಿಜಿಸ್ಟರು ಮೊದಲ ಪುಟವೂ ತುಂಬದೆ ಹಳದಿಯಾಗಿತ್ತು. ಭಾವ ಚಾದರ ಬಿಚ್ಚಿದ ಕೂಡಲೇ ಅವನು ಎದ್ದು ಟೋಪಿ ಹಾಕಿಕೊಂಡ.

"ಸಾರ್, ಇದನ್ನೆಲ್ಲ ಹೇಗೆ ಬರೀಬೇಕು ಅಂತ ಸ್ವಲ್ಪ ಹೇಳಿಕೊಡಿ ಸಾರ್."

ಹಾಗೆ ಕೇಳುವವರಿಗಾಗಿ ಭಾವ ಜೀವಮಾನವಿಡೀ ಕಾದಿದ್ದರು. ಒಂದು ಗಂಟೆ ಪಾಠವಾಯಿತು. "ಕೇಳಿದವರಿಗೆಲ್ಲ ಎತ್ತಿ ಕೊಡಬಾರದು ಪೇದೆಯವರೇ. ಸಾಮಾನಿನವರೋ ಅವರ ಮನೆಯವರೋ ಖುದ್ದು ಬರ್ಬೇಕು. ಬಂದವರು ಗುರುತು ಹೇಳ್ಬೇಕು. ಚೀಟಿಯಲ್ಲಿ ಬರೆದಿರೋ ಗುರುತು ಯಾರು ಬೇಕಾದ್ರೂ ಓದಿ ಹೇಳ್ತಾರೆ. ಅದಕ್ಕೇ ಚೀಟಿಯಲ್ಲಿ ಇಲ್ಲದ ಗುರುತು ಕೇಳ್ಬೇಕು. ಕಣ್ಣೀರು ಹಾಕ್ತಾರೆ, ಕಾಲು ಹಿಡೀತಾರೆ. ಕರಗಬಾರದು."

"ಕರಗಲ್ಲ ಸಾರ್," ಎಂದು ಪೇದೆ ಬರೆದುಕೊಂಡ. ಕರಗಬಾರದು ಎಂಬುದರ ಕೆಳಗೆ ಎರಡು ಗೀಟು ಎಳೆದ.

ನಾಲ್ಕೂವರೆಗೆ ದೋಣಿಯ ತಮ್ಮ ಮೆಟ್ಟಿಲಿಗೆ ಬಂದ. ಖಾಲಿ. ಇವತ್ತು ಅಣ್ಣನೇ ಎಲ್ಲರನ್ನೂ ಕರೆತಂದಿರಬೇಕು, ಬುದ್ಧಿ ಬಂದಿದೆ ಎಂದು ಸಂತೋಷಪಟ್ಟು, ದೋಣಿಯನ್ನು ಇನ್ನೊಂದು ಸುತ್ತು ಬಿಗಿದು ಮನೆಗೆ ಹೋಗಿ ತಲೆಗೆ ಎಣ್ಣೆ ಹಚ್ಚಿಕೊಂಡು ಕುಳಿತ.

ಐದೂಕಾಲಿಗೆ ದರ್ಜಿ ತನ್ನ ಬಾಗಿಲಲ್ಲಿ ನಿಂತು ಬೀದಿ ನೋಡಿದ. ಎದುರಿನ ಬಾಗಿಲಲ್ಲಿ ಕ್ಷೌರಿಕ ಕತ್ತರಿ ಹಿಡಿದೇ ನಿಂತಿದ್ದ. ಕುರ್ಚಿಯಲ್ಲಿದ್ದ ಅಂಚೆಯಣ್ಣ ಅರ್ಧ ಮುಖದ ನೊರೆಯೊಂದಿಗೆ ಹೊರಗೆ ಬಂದ. ಮೂವರೂ ಒಬ್ಬರನ್ನೊಬ್ಬರು ಕೇಳಿಕೊಂಡರು, ನಿನ್ನವಳು ಬಂದಳಾ? ಇಷ್ಟರಲ್ಲಿ ಲಾಡ್ಜಿನಮ್ಮ ಕೆರೆಯ ಕಡೆಯಿಂದ ಕೂಗಿದಳು, "ಅಯ್ಯೋ, ಆಚೆ ದಡದಲ್ಲಿ ಯಾರೋ ಸೆರಗು ಬೀಸ್ತಿದ್ದಾರೆ!"

ಆ ಕೂಗಿಗೆ ನನಗೂ ಎಚ್ಚರವಾಯಿತು. ಬೆಳಗ್ಗಿನ ಆ 'ಹೂಂ' ಆಗ ನೆನಪಾಯಿತು. ಓಡಿದೆ.

ಮೆಟ್ಟಿಲ ಹತ್ತಿರ ಊರೇ ಸೇರಿತ್ತು. ದೋಣಿಯ ತಮ್ಮನನ್ನು ಎಣ್ಣೆ ತಲೆಯಲ್ಲೇ ಎಳೆದು ತಂದಿದ್ದರು. "ಚಪ್ಪಲಿ ಎಲ್ಲಿ? ನೀವೇ ನೋಡಿ, ಇಲ್ಲಿ ಒಂದು ಚಪ್ಪಲಿ ಇದ್ಯಾ?" ಎಂದು ಅವನು ಎಲ್ಲರಿಗೂ ಖಾಲಿ ಮೆಟ್ಟಿಲು ತೋರಿಸುತ್ತಿದ್ದ.

ಗುಂಪಿನ ಹಿಂದಿನಿಂದ ಭಾವನ ದನಿ ಬಂತು, ಹೆಮ್ಮೆಯಿಂದ. "ಯಾರೂ ಗಾಬರಿಯಾಗ್ಬೇಡಿ. ಹದಿನಾಲ್ಕು ಜೊತೆಯೂ ಭದ್ರವಾಗಿದೆ. ನಾನೇ ಚೌಕಿಗೆ ಒಪ್ಪಿಸಿದ್ದೀನಿ."

ಊರಿಗೆ ಊರೇ ತಿರುಗಿ ಅವರನ್ನು ನೋಡಿತು. ಆ ನೋಟದ ಮುಂದೆ ಬೈಗುಳವೇ ವಾಸಿ.

"ಭಾವ," ಅಂದೆ ಮೆಲ್ಲಗೆ. "ಅಕ್ಕನೂ ಆಚೆ ಇದ್ದಾಳೆ."

ಭಾವ ಆಚೆ ದಡ ನೋಡಿದರು, ಖಾಲಿ ಮೆಟ್ಟಿಲು ನೋಡಿದರು. ಯಾವಾಗ ಹೇಳಿ ಹೋದಳು, ಯಾರಿಗೆ ಹೇಳಿ ಹೋದಳು ಎಂದು ಅವರು ಕೇಳಲಿಲ್ಲ. ಅದಕ್ಕೆ ನಾನು ಜೀವವಿರುವವರೆಗೂ ಋಣಿ.

ಲಾಡ್ಜಿನಮ್ಮ ಆಕಾಶ ನೋಡಿದಳು. "ಇನ್ನು ಮುಕ್ಕಾಲು ಗಂಟೆಗೆ ಸೂರ್ಯ ಮುಳುಗ್ತಾನೆ. ಮುಳುಗಿದ ಮೇಲೆ ಗಾಳಿ ಏಳುತ್ತೆ, ದೋಣಿ ಬಿಡೋ ಹಾಗಿಲ್ಲ. ಬೆಳಗಿನವರೆಗೂ ಅವರೆಲ್ಲ ಜೊಂಡಿನಲ್ಲೇ ಕೂತಿರ್ಬೇಕು. ಹೊರಡಪ್ಪ ಬೇಗ!"

"ಹೊರಡ್ತೀನಿ ದೊಡ್ಡಮ್ಮ. ಚಪ್ಪಲಿ ತಂದು ಇಡಿ, ಎಣಿಸ್ತೀನಿ, ಹೊರಡ್ತೀನಿ."

"ಹದಿನಾಲ್ಕು ಜನ ಅಂತ ಅವನಿಗೆ ಹೇಳಿ," ಎಂದ ದೋಣಿಯ ಅಣ್ಣ, ಮರದ ಕಡೆ ಮುಖ ಮಾಡಿ.

"ಅವನ ಲೆಕ್ಕ ನನಗೆ ಬೇಡ ಅಂತ ಅವನಿಗೆ ಹೇಳಿ," ಎಂದ ತಮ್ಮ, ಕೆರೆಯ ಕಡೆ ಮುಖ ಮಾಡಿ. "ಅವನ ಬಾಯಿ ನಂಬಿ ಯಾರನ್ನಾದ್ರೂ ಅಲ್ಲೇ ಬಿಟ್ಟು ಬಂದ್ರೆ ಊರು ಉಗಿಯೋದು ನನಗೆ. ಚಪ್ಪಲಿ ಸುಳ್ಳು ಹೇಳಲ್ಲ."

ಊರೆಲ್ಲ ಚೌಕಿಗೆ ಓಡಿತು. ಪೇದೆ ಟೋಪಿ ಹಾಕಿಕೊಂಡು, ಹದಿನಾಲ್ಕು ಜೊತೆಯನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ರಿಜಿಸ್ಟರು ತೆರೆದು ಕುಳಿತಿದ್ದ.

"ಒಬ್ಬೊಬ್ಬರಾಗಿ ಬನ್ನಿ. ದರ್ಜಿಯವರೇ, ನಿಮ್ಮವರ ಚಪ್ಪಲಿ ಗುರುತು?"

"ಗುರುತೇನಪ್ಪ, ಚಪ್ಪಲಿ ಥರಾನೇ ಇದೆ. ಎರಡು ಇದೆ."

"ಬಣ್ಣ?"

ದರ್ಜಿ ಊರಿನವರ ರವಿಕೆಯ ಬಣ್ಣವನ್ನೆಲ್ಲ ಕಣ್ಣು ಮುಚ್ಚಿ ಹೇಳಬಲ್ಲವನು. ಈಗ ಕಣ್ಣು ತೆರೆದುಕೊಂಡೇ ಬೆವರಿದ. "ಕಪ್ಪು... ಅಲ್ಲ, ಕೆಂಪು. ಯಾವುದಿದ್ರೆ ಅದು!" ಕ್ಷೌರಿಕನಿಗೆ ತನ್ನ ಹೆಂಡತಿ ಚಪ್ಪಲಿ ಹಾಕುತ್ತಾಳೆ ಎಂಬುದೇ ಆ ದಿನ ಗೊತ್ತಾಯಿತು. ಅಂಚೆಯಣ್ಣ ತುಂಬ ಯೋಚಿಸಿ, ನೊರೆ ಒಣಗಿದ ಕೆನ್ನೆ ಕೆರೆದುಕೊಂಡು, ಒಂದು ಗಂಡಸರ ಚಪ್ಪಲಿಯನ್ನು ತೋರಿಸಿದ. ಅದು ಜೊಂಡು ಕಟ್ಟಲು ಹೋಗಿದ್ದ ಮೇಷ್ಟ್ರದ್ದು.

"ಲೇ, ನಿನ್ನ ಹೆಂಡ್ತೀನೂ ಆಚೇನೇ ಇದ್ದಾಳಲ್ಲೋ! ನೀನು ಹೇಳು ನೋಡೋಣ!" ಎಂದು ಲಾಡ್ಜಿನಮ್ಮ ಪೇದೆಯ ಮೇಲೆ ಹರಿಹಾಯ್ದಳು.

ಪೇದೆ ನ್ಯಾಯವಂತ. ಮೇಜಿನ ಈಚೆ ಬಂದು ನಿಂತು ತನ್ನನ್ನೇ ಪ್ರಶ್ನೆ ಕೇಳಿಕೊಂಡ. ಚಪ್ಪಲಿಗಳನ್ನು ಎರಡು ಸಲ ನೋಡಿದ. ತಲೆ ತಗ್ಗಿಸಿ ಮತ್ತೆ ಮೇಜಿನ ಆಚೆ ಹೋಗಿ ಕುಳಿತ. "ನನಗೂ ಗೊತ್ತಿಲ್ಲ. ಆದ್ರೆ ನಿಯಮ ನಿಯಮವೇ. ಕರಗಬಾರದು ಅಂತ ಸಾರೇ ಹೇಳಿದ್ದಾರೆ."

ಎಲ್ಲರೂ ಮತ್ತೆ ಭಾವನನ್ನು ನೋಡಿದರು. ಕಿಟಕಿಯಲ್ಲಿ ಬಿಸಿಲು ಹಣ್ಣಾಗುತ್ತ ಬಂದಿತ್ತು.

"ಸಾರ್, ಈಗ ನಿಮ್ಮ ಸರದಿ," ಎಂದ ಪೇದೆ. ಸಾಲಿನ ಕೊನೆಯ ಜೊತೆಯನ್ನು ನಾನು ಆಗಲೇ ಗುರುತಿಸಿದ್ದೆ, ಕೈ ತೋರಿಸಿದೆ. ಪೇದೆ ಅದರ ಚೀಟಿಯನ್ನು ಗಟ್ಟಿಯಾಗಿ ಓದಿದ: "ಹೆಂಗಸರ ಚಪ್ಪಲಿ, ಒಂದು ಜೊತೆ. ಕಂದು ಬಣ್ಣ. ಎಡಗಾಲಿನ ಬಾರು ಕಿತ್ತು, ನೀಲಿ ದಾರದಿಂದ ಹೊಲಿದಿದೆ. ಹೊಲಿಗೆ ಮನೆಯಲ್ಲೇ ಹಾಕಿದ್ದು. ರಿಪೇರಿ ಮಾಡಿಸಿ ಕೊಡುವವರು ಮನೆಯಲ್ಲಿ ಯಾರೂ ಇಲ್ಲವೆಂದು ತೋರುತ್ತದೆ. ಮಾಲೀಕರು ಗೊತ್ತಿಲ್ಲ."

ಆ ಬಾರು ಹೊಲಿಸಿಕೊಂಡು ಬನ್ನಿ ಎಂದು ಅಕ್ಕ ಎರಡು ತಿಂಗಳಿಂದ ಹೇಳುತ್ತಿದ್ದಳು. ಅದು ನನಗೆ ಗೊತ್ತು. ಭಾವನಿಗೂ ಗೊತ್ತಿತ್ತು. ನನಗೆ ಅವರನ್ನು ನೋಡಿ ಪಾಪ ಅನ್ನಿಸಿತು, ಅಕ್ಕನನ್ನು ನೆನೆದು ಅದಕ್ಕಿಂತ ಹೆಚ್ಚು.

"ಚೀಟಿಯಲ್ಲಿ ಇಲ್ಲದ ಗುರುತು ಹೇಳ್ಬೇಕು ಸಾರ್."

ಭಾವ ಚಪ್ಪಲಿಯನ್ನು ನೋಡದೆ, ಬಾಗಿಲ ಕಡೆ ನೋಡುತ್ತ ಹೇಳಿದರು:

"ಚಪ್ಪಲಿ ವಿಷಯ ನನಗೆ ಗೊತ್ತಿಲ್ಲಪ್ಪ. ಅವಳು ನಡೆಯೋದು ಗೊತ್ತು. ಎಡಗಾಲು ಒಂಚೂರು ಎಳೆದು ಹಾಕ್ತಾಳೆ. ಒಂದ್ಸಲ ಪ್ಲಾಟ್‌ಫಾರಂ ಮೇಲೆ ಬಿದ್ದಿದ್ಲು, ಅದು ನನ್ನಿಂದ. ಯಾರಿಗೂ ಗೊತ್ತಾಗದ ಹಾಗೆ ನಡೀತಾಳೆ. ನಾನು ಹಿಂದೆ ಬರ್ತೀನಲ್ಲ, ನನಗೆ ಗೊತ್ತಾಗುತ್ತೆ. ಎಡಗಾಲಿಂದು ತಿರುಗಿಸಿ ನೋಡಿ. ಹೆಬ್ಬೆರಳ ತುದಿ ಸವೆದಿರ್ಬೇಕು. ಬಲಗಾಲಿಂದು ಸವೆದಿರಲ್ಲ."

ಪೇದೆ ತಿರುಗಿಸಿದ. ಎಡಗಾಲಿನ ತುದಿ ಕಾಗದದಷ್ಟು ತೆಳುವಾಗಿತ್ತು. ಬಲಗಾಲಿನದು ಹೊಸದರಂತೆ ಇತ್ತು. ನಾನು ಒಡಹುಟ್ಟಿದವನು, ಒಂದೇ ಮನೆಯಲ್ಲಿ ಬೆಳೆದವನು, ನನಗೇ ಇದು ತಿಳಿದಿರಲಿಲ್ಲ.

ಮೊದಲು ಬಾಯಿ ಬಿಟ್ಟವನು ದರ್ಜಿ. "ಅಯ್ಯೋ, ನಡೆಯೋದು ಹೇಳಿದ್ರೆ ಸಾಕಾ? ನನ್ನವಳು ಹಿಮ್ಮಡಿ ನೆಲಕ್ಕೆ ತಾಗಿಸೋದೇ ಇಲ್ಲ, ಯಾವಾಗ್ಲೂ ಅವಸರ! ಮುಂದುಗಡೆ ಸವೆದು ಹಿಂದೆ ಹೊಸದಾಗಿರೋದು ನೋಡಿ!" ಸಿಕ್ಕಿತು. "ನನ್ನವಳು ಅಡುಗೆಮನೆ ಬಾಗಿಲಲ್ಲಿ ಒಂದೇ ಕಾಲ ಮೇಲೆ ಭಾರ ಹಾಕ್ಕೊಂಡು ನಿಂತು ಜಗಳ ಆಡ್ತಾಳೆ, ಬಲಗಾಲು!" ಎಂದ ಕ್ಷೌರಿಕ. ಅದೂ ಸಿಕ್ಕಿತು. ಅಂಚೆಯಣ್ಣನ ಹೆಂಡತಿ ಕೂತಲ್ಲೆಲ್ಲ ಚಪ್ಪಲಿಯ ಅಂಚನ್ನು ಬೆರಳಿನಿಂದ ಕೀಳುತ್ತಾಳಂತೆ. ಕಿತ್ತಿತ್ತು. ಕೊನೆಗೆ ಪೇದೆ ತಾನೇ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ನನ್ನವಳು ನನ್ನ ಚಪ್ಪಲಿಯನ್ನೇ ಹಾಕ್ಕೊಂಡು ಹೋಗಿದ್ದಾಳೆ," ಎಂದು ತನ್ನ ಬರಿಗಾಲನ್ನು ತೋರಿಸಿದ. ಅವನು ಬೆಳಗ್ಗಿನಿಂದ ತನ್ನ ಚಪ್ಪಲಿ ಹುಡುಕುತ್ತಿದ್ದನಂತೆ, ಅದು ಮೂರು ಗಂಟೆಯಿಂದ ಅವನ ಮೇಜಿನ ಮೇಲೇ ಇತ್ತು.

ಉಳಿದವರ ಮನೆಯವರೂ ಹೀಗೇ ಗುರುತು ಹೇಳಿದರು. ಹದಿನಾಲ್ಕು ಜೊತೆಯೂ ಮೆಟ್ಟಿಲು ಸೇರಿದವು. ತಮ್ಮ ಒಂದೊಂದನ್ನೂ ಮುಟ್ಟಿ ಎಣಿಸಿದ. ಸೂರ್ಯ ಆಗಲೇ ನೀರಿನ ಹತ್ತಿರಕ್ಕೆ ಇಳಿದಿದ್ದ, ಒಬ್ಬನೇ ಹುಟ್ಟು ಹಾಕಿದರೆ ಮುಗಿಯುವ ಕೆಲಸವಾಗಿರಲಿಲ್ಲ. ಅಣ್ಣ ಸುಮ್ಮನೆ ದೋಣಿ ಹತ್ತಿ ಎರಡನೆಯ ಹುಟ್ಟು ತೆಗೆದುಕೊಂಡ. "ಸರ್ಕೋ," ಅಂದ. ಹನ್ನೊಂದು ವರ್ಷದ ಮೇಲೆ ಅವರ ನಡುವೆ ಆದ ಮೊದಲ ಮಾತು ಅದು. ತಮ್ಮ ಸರಿದು ಕುಳಿತ.

ಅವರು ಹಿಂದಿರುಗುವವರೆಗೆ ಭಾವ ಕೊನೆಯ ಮೆಟ್ಟಿಲ ಮೇಲೆ, ನೀರಿನಲ್ಲಿ ಕಾಲಿಟ್ಟುಕೊಂಡು ಕುಳಿತಿದ್ದರು. ಒಂದು ಚೀಟಿ ಕಂಡರೂ ಹೊಸಿಲು ದಾಟುವುದಿಲ್ಲ ಎಂದಿದ್ದಳು ಅಕ್ಕ. ಮೆಟ್ಟಿಲ ಮೇಲೆ ಹದಿನಾಲ್ಕು ಹಳದಿ ಚೀಟಿ ಗಾಳಿಗೆ ಪಟಪಟ ಅನ್ನುತ್ತಿದ್ದವು. "ಬಿಚ್ಚಿ ಹಾಕೋಣ ಭಾವ, ಇನ್ನೂ ಹೊತ್ತಿದೆ," ಅಂದೆ.

"ಬೇಡ ಕಣೋ," ಅಂದರು. "ಬರೆದಿದ್ದು ನಾನೇ ಅಲ್ವಾ."

ಅಕ್ಕ ದೋಣಿಯಿಂದ ಇಳಿದಳು. ಲಾಡ್ಜಿನಮ್ಮ ಅವಳ ಕಿವಿಯಲ್ಲಿ ಏನೋ ಹೇಳಿದಳು, ಬಹಳ ಹೊತ್ತು ಹೇಳಿದಳು. ಅಕ್ಕ ತನ್ನ ಚಪ್ಪಲಿಯ ಹತ್ತಿರ ಬಂದು, ಚೀಟಿಯನ್ನು ಕೈಗೆತ್ತಿಕೊಂಡು ಒಂದೊಂದೇ ಅಕ್ಷರ ಓದಿದಳು. ರಿಪೇರಿ ಮಾಡಿಸಿ ಕೊಡುವವರು ಯಾರೂ ಇಲ್ಲ ಎಂಬಲ್ಲಿ ನಿಂತು ಇನ್ನೊಮ್ಮೆ ಓದಿದಳು. ಭಾವ ತಲೆ ಎತ್ತಲಿಲ್ಲ. ಅವಳು ದಾರ ಬಿಚ್ಚಿ, ಆ ಚೀಟಿಯನ್ನು ಭಾವನ ಅಂಗಿಯ ಮೇಲಿನ ಗುಂಡಿಗೆ ಕಟ್ಟಿದಳು. ಗಂಟನ್ನು ಎರಡು ಸಲ ಬಿಗಿದಳು.

"ಏಳಿ, ಹೋಗೋಣ," ಅಂದಳು.

ಊರ ಜನ ಬೀದಿಯ ಎರಡೂ ಕಡೆ ನಿಂತು ಆ ಚೀಟಿಯನ್ನು ಓದಿದರು. ಚೌಕಿಯ ಮುಂದೆ ಪೇದೆ ರಿಜಿಸ್ಟರು ಹಿಡಿದು ಅಡ್ಡ ಬಂದ. "ಅಮ್ಮಾ, ಈ ಸಾಮಾನಿಗೆ ಮಾಲೀಕರು ಸಿಕ್ಕಿದ್ರಾ?"

"ನಾನೇ. ಖುದ್ದು ಬಂದಿದ್ದೀನಿ."

"ಗುರುತು ಹೇಳ್ಬೇಕಮ್ಮ. ಚೀಟಿಯಲ್ಲಿ ಇಲ್ಲದ್ದು."

ಅಕ್ಕ ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಒಂದೇ ನಿಮಿಷ ಅಂತ ಹೇಳಿ ಹೋದ್ರೆ ಗಂಟೆಗಟ್ಟಲೆ ಬರಲ್ಲ. ಚೀಟಿ ತಂದಿಲ್ಲ ಅಂತಾರೆ, ಸೋಪಿನ ಕೆಳಗೆ ಇಟ್ಟಿರ್ತಾರೆ. ನಾನು ಮೊದಲ ದಿನವೇ ನೋಡ್ದೆ. ಬೀದಿಯಲ್ಲಿ ಯಾವತ್ತೂ ನನ್ನ ಪಕ್ಕದಲ್ಲಿ ನಡೆಯಲ್ಲ, ನಾಲ್ಕು ಹೆಜ್ಜೆ ಹಿಂದೆ ಬರ್ತಾರೆ. ಯಾಕೆ ಅಂತ ಹತ್ತೊಂಬತ್ತು ವರ್ಷ ನಾನು ಬೈದಿದ್ದೀನಿ. ಇವತ್ತು ಗೊತ್ತಾಯ್ತು."

"ಸರಿಹೋಯ್ತಮ್ಮ, ತಗೊಂಡು ಹೋಗಿ," ಎಂದು ಪೇದೆ ರುಜು ಹಾಕಿಸಿಕೊಂಡ.

ಮರುದಿನ ಬೆಳಗ್ಗೆ ದರ್ಜಿಯ ಅಂಗಡಿಯಲ್ಲಿ ಭಾವ ಎದುರು ಕೂತು, ದಪ್ಪ ಸೂಜಿಯಿಂದ ಬಾರು ಹೊಲಿಸಿದರು. ಆಮೇಲೆ ಅವರಿಬ್ಬರೂ ಆಚೆ ದಡಕ್ಕೆ ಹೋದರು. ಮೆಟ್ಟಿಲ ಮೇಲೆ ಎರಡು ಜೊತೆ ಪಕ್ಕಪಕ್ಕ ಇದ್ದವು. ಅವನ್ನು ಯಾರೂ ಎತ್ತಿಕೊಂಡು ಹೋಗದಂತೆ ಕಾಯಬೇಕೆಂದು ಅಕ್ಕ ನನ್ನನ್ನು ಅಲ್ಲೇ ಕೂರಿಸಿ ಹೋದಳು. ಈ ಸಲ 'ಹೂಂ' ಅಂದರೆ ಸಾಲದು ಎಂದು, ನನ್ನ ಹೆಬ್ಬೆರಳಿಗೂ ಒಂದು ದಾರ ಕಟ್ಟಿದ್ದಳು.